ಸಮಯಕ್ಕೆ ಸರಿಯಾಗಿ ಬಂದು ನಿಲ್ಲುವ ಮನುಷ್ಯ

1990ರ ಜುಲೈ 4ರ ರಾತ್ರಿ, ಇಟಲಿಯ ಟ್ಯೂರಿನ್ ನಗರ. ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ 1–1 ಸಮಬಲದಲ್ಲಿದ್ದವು. ಹೆಚ್ಚುವರಿ ಅವಧಿಯಲ್ಲಿ ಇಂಗ್ಲೆಂಡಿನ ಪಾಲ್ ಗ್ಯಾಸ್ಕಾಯಿನ್ ಎದುರಾಳಿಯ ಕಾಲಿಗೆ ಅಡ್ಡ ಬಿದ್ದು ಹಳದಿ ಕಾರ್ಡ್ ಪಡೆದ. ಆ ಟೂರ್ನಿಯಲ್ಲಿ ಅದು ಅವನಿಗೆ ಎರಡನೆಯದು. ತಂಡ ಗೆದ್ದರೂ ಫೈನಲ್‌ನಲ್ಲಿ ತಾನು ಆಡುವಂತಿಲ್ಲ ಎಂದು ತಿಳಿದ ಆ 23ರ ಹುಡುಗನ ತುಟಿ ಅದುರಿತು, ಕಣ್ಣು ತುಂಬಿತು. ಹತ್ತಿರದಲ್ಲೇ ಇದ್ದ ಇನ್ನೊಬ್ಬ ಆಟಗಾರ ಅದನ್ನು ನೋಡಿದರು. ಮೈದಾನದ ಅಂಚಿನಲ್ಲಿದ್ದ ಕೋಚ್ ಬಾಬಿ ರಾಬ್ಸನ್ ಕಡೆ ತಿರುಗಿ, ತಮ್ಮ ಕಣ್ಣಿನತ್ತ ಬೆರಳು ತೋರಿಸಿ, ಅವನನ್ನು ಸ್ವಲ್ಪ ಮಾತಾಡಿಸಿ ಎಂದು ತುಟಿಯಾಡಿಸಿದರು. ಎಲ್ಲವೂ ಎರಡು ಕ್ಷಣದೊಳಗೆ ಮುಗಿಯಿತು. ಕ್ಯಾಮೆರಾ ಅದನ್ನು ಹಿಡಿದುಕೊಂಡಿತು. ಇಂಗ್ಲೆಂಡಿನ ಜನ ಇವತ್ತಿಗೂ ಆ ದೃಶ್ಯವನ್ನು ಮರೆತಿಲ್ಲ.

ಆ ಆಟಗಾರ ಗ್ಯಾರಿ ಲಿನೆಕರ್. ಅದೇ ಪಂದ್ಯದ 80ನೇ ನಿಮಿಷದಲ್ಲಿ ತಂಡವನ್ನು ಉಳಿಸಿದ ಗೋಲು ಅವರದೇ. ಆದರೂ ಅವರ ಮುಂದಿನ ಬದುಕನ್ನು ತಿಳಿಯಬೇಕಾದರೆ ಗೋಲಿಗಿಂತ ಆ ಸನ್ನೆಯನ್ನೇ ನೋಡಬೇಕು. ಸುತ್ತ ಏನಾಗುತ್ತಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಗ್ರಹಿಸುವುದು, ಯಾರಿಗೆ ಹೇಳಬೇಕೋ ಅವರಿಗೆ ನಾಲ್ಕೇ ಮಾತಿನಲ್ಲಿ ಹೇಳುವುದು, ತಾನು ಪಕ್ಕಕ್ಕೆ ಸರಿಯುವುದು: ಟಿವಿ ನಿರೂಪಕನ ಕೆಲಸ ಇಷ್ಟೇ. ಒಂಬತ್ತು ವರ್ಷಗಳ ನಂತರ ಅವರು ಕುಳಿತದ್ದು ಬ್ರಿಟನ್ನಿನ ಅತ್ಯಂತ ಪ್ರಸಿದ್ಧ ಕ್ರೀಡಾ ನಿರೂಪಕನ ಕುರ್ಚಿಯಲ್ಲಿ. ಅಲ್ಲಿಂದ ಎದ್ದದ್ದು 26 ವರ್ಷ ಕಳೆದ ಮೇಲೆ.

ಲಿನೆಕರ್ ಹುಟ್ಟಿದ್ದು 1960ರ ನವೆಂಬರ್ 30ರಂದು, ಇಂಗ್ಲೆಂಡಿನ ನಡುನಾಡಿನ ಲೆಸ್ಟರ್‌ನಲ್ಲಿ. ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ್ದೂ ಅದೇ ದಿನಾಂಕದಂದು, ಹಾಗಾಗಿ ಮಗುವಿನ ಹೆಸರಿನ ನಡುವೆ ವಿನ್‌ಸ್ಟನ್ ಸೇರಿಕೊಂಡಿತು. ಲೆಸ್ಟರ್ ಮಾರುಕಟ್ಟೆಯಲ್ಲಿ ಮನೆಯವರದು ಹಣ್ಣು-ತರಕಾರಿ ಅಂಗಡಿ. ಹುಡುಗನೂ ಅಲ್ಲಿ ಕೈಯಾಡಿಸಿದವನೇ. ಸಂತೆಯ ಅಂಗಡಿಯಲ್ಲಿ ನಿಂತು ಬೆಳೆದವರಿಗೆ ಬಂದವರ ಮುಖ ನೋಡಿ ಮಾತು ಆಡುವ ಅಭ್ಯಾಸ ತಾನಾಗಿಯೇ ಬರುತ್ತದೆ. ಅದು ಮುಂದೆ ಅವರಿಗೆ ನೆರವಾಯಿತೆಂದೇ ನನ್ನ ಎಣಿಕೆ.

ಊರಿನ ಕ್ಲಬ್ ಲೆಸ್ಟರ್ ಸಿಟಿಗೆ 1979ರ ಹೊಸ ವರ್ಷದ ದಿನ ಅವರ ಮೊದಲ ಪಂದ್ಯ. 1985ರಲ್ಲಿ ಎವರ್ಟನ್, ಮರುವರ್ಷ ಬಾರ್ಸಿಲೋನಾ, 1989ರಲ್ಲಿ ಟಾಟನ್‌ಹ್ಯಾಮ್, ಕೊನೆಗೆ ಜಪಾನಿನ ನಗೋಯಾ ಗ್ರ್ಯಾಂಪಸ್. ಎವರ್ಟನ್‌ಗಾಗಿ ಆಡಿದ ಒಂದೇ ಋತುವಿನಲ್ಲಿ ಲೀಗ್‌ನ 41 ಪಂದ್ಯಗಳಲ್ಲಿ 30 ಗೋಲು. ಇಂಗ್ಲೆಂಡಿನ ಪರ 80 ಪಂದ್ಯಗಳಲ್ಲಿ 48. ಬಾಬಿ ಚಾರ್ಲ್ಟನ್ ಅವರ ಅಂದಿನ ದಾಖಲೆಗೆ ಒಂದೇ ಒಂದು ಕಡಿಮೆ.

1986ರ ಮೆಕ್ಸಿಕೊ ವಿಶ್ವಕಪ್ಪನ್ನು ನಮ್ಮಲ್ಲಿ ಮರಡೋನಾಗಾಗಿ ನೆನೆಯುತ್ತೇವೆ. ಕೈಯಿಂದ ತಳ್ಳಿ ಹಾಕಿದ ‘ದೇವರ ಕೈ’ ಗೋಲು, ಅದಾದ ನಾಲ್ಕು ನಿಮಿಷಕ್ಕೆ ಅರ್ಧ ಇಂಗ್ಲೆಂಡ್ ತಂಡವನ್ನು ದಾಟಿ ಹೊಡೆದ ಗೋಲು: ನೋಡಿದವರು ಮರೆಯುವಂಥದ್ದಲ್ಲ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಏಕೈಕ ಗೋಲು ಲಿನೆಕರ್ ಅವರದೆಂಬುದು, ಆರು ಗೋಲುಗಳೊಂದಿಗೆ ಆ ವಿಶ್ವಕಪ್ಪಿನ ಚಿನ್ನದ ಬೂಟು ಸಂದದ್ದೂ ಅವರಿಗೇ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಕಾರಣ ಆ ಗೋಲುಗಳ ಸ್ವಭಾವದಲ್ಲೇ ಇದೆ. ಗೋಲುಕಂಬದಿಂದ ನಾಲ್ಕಾರು ಗಜದೊಳಗೆ ನಿಂತು, ಇನ್ನೊಬ್ಬರು ಕೊಟ್ಟ ಚೆಂಡಿಗೆ ಒಂದು ಸ್ಪರ್ಶ, ಮುಗಿಯಿತು. ಕಣ್ಣು ಕೋರೈಸುವ ಯಾವುದೂ ಅಲ್ಲಿರುತ್ತಿರಲಿಲ್ಲ. ಚೆಂಡು ಬರುವುದೆಂದು ಹತ್ತು ಸಲ ಓಡಬೇಕು, ಒಂಬತ್ತು ಸಲ ಅದು ಬರುವುದಿಲ್ಲ, ಹತ್ತನೆಯ ಸಲ ಬಂದಾಗ ಅಲ್ಲಿರಬೇಕು. ಅವರ ಆಟದ ಗುಟ್ಟು ಇದೇ. ಒಂಬತ್ತು ವ್ಯರ್ಥ ಓಟಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಹತ್ತನೆಯದು ಅದೃಷ್ಟದಂತೆ ಕಾಣುತ್ತದೆ.

ಇನ್ನೊಂದು ಸಂಗತಿ. ಹದಿನಾರು ವರ್ಷಗಳ ವೃತ್ತಿಜೀವನದಲ್ಲಿ ಅವರಿಗೆ ಕೆಂಪು ಕಾರ್ಡ್ ಹೋಗಲಿ, ಒಂದು ಹಳದಿ ಕಾರ್ಡ್ ಕೂಡ ಸಿಗಲಿಲ್ಲ. ಮೊಣಕೈ, ಬೈಗುಳ, ಎಳೆದಾಟ ಎಲ್ಲವೂ ನಡೆಯುವ ಪೆನಾಲ್ಟಿ ಬಾಕ್ಸ್‌ನೊಳಗೇ ಬದುಕಿದ ಸ್ಟ್ರೈಕರ್‌ಗೆ ಇದು ಸಣ್ಣ ಮಾತಲ್ಲ. ಕೆರಳಿಸಿದರೂ ಕೆರಳದ ಈ ಗುಣವನ್ನು ಮುಂದೆ ಟಿವಿ ಅವರಿಂದ ತುಂಬ ಬಳಸಿಕೊಂಡಿತು.

ಆಟಗಾರನೊಬ್ಬ ಬೂಟು ಕಳಚಿದ ಮೇಲೆ ಯಾರೋ ಕರೆದು ಮೈಕ್ ಕೊಟ್ಟರು ಎಂಬ ಕಥೆ ಇದಲ್ಲ. ಲಿನೆಕರ್ ಆಡುತ್ತಿರುವಾಗಲೇ ಈ ಕೆಲಸದ ಮೇಲೆ ಕಣ್ಣಿಟ್ಟಿದ್ದರು. ಬಾರ್ಸಿಲೋನಾಕ್ಕೆ ಹೋದಾಗ ಸ್ಪ್ಯಾನಿಷ್ ಕಲಿತು ಅಲ್ಲಿಯ ಪತ್ರಕರ್ತರಿಗೆ ಅವರ ಭಾಷೆಯಲ್ಲೇ ಉತ್ತರಿಸಿದರು. ಯೋಹಾನ್ ಕ್ರೈಫ್ ಕೋಚ್ ಆಗಿ ಬಂದು ಇವರನ್ನು ಮುಂಚೂಣಿಯ ನಡುವಿನಿಂದ ಬಲ ಅಂಚಿಗೆ ತಳ್ಳಿದಾಗಲೂ ರಂಪ ಮಾಡದೆ ಆಡಿದರು, 1989ರಲ್ಲಿ ತಂಡದೊಂದಿಗೆ ಯುರೋಪಿನ ಕಪ್ ವಿನ್ನರ್ಸ್ ಕಪ್ ಗೆದ್ದರು. 1990ರ ವಿಶ್ವಕಪ್ಪಿನ ಹೊತ್ತಿಗೆ ಅವರು ಬಿಡುವಿನಲ್ಲಿ ಪತ್ರಕರ್ತರೊಂದಿಗೆ ಬೆರೆಯುವುದನ್ನು ಕಂಡು ಜೊತೆ ಆಟಗಾರರು ‘ಜೂನಿಯರ್ ಡೆಸ್’ ಎಂದು ಕರೆಯತೊಡಗಿದ್ದರು. ಡೆಸ್ ಎಂದರೆ ಡೆಸ್ ಲೈನಮ್, ಆಗ ಬಿಬಿಸಿ ಕ್ರೀಡಾ ವಿಭಾಗದ ದೊರೆಯಂತಿದ್ದ ನಿರೂಪಕ.

ಅದೇ ಕಾಲದ ಒಂದು ನೋವನ್ನೂ ಇಲ್ಲಿ ಹೇಳಬೇಕು. 1991ರ ಕೊನೆಯಲ್ಲಿ, ಅವರ ಚೊಚ್ಚಲ ಮಗನಿಗೆ ಎರಡು ತಿಂಗಳೂ ತುಂಬುವ ಮೊದಲೇ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ. ಮಗು ಉಳಿಯಿತು. ಆ ಋತುವಿನಲ್ಲೇ ಅಪ್ಪ ಲೀಗ್‌ನಲ್ಲಿ 28 ಗೋಲು ಹೊಡೆದರು. ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಅವರನ್ನು ವರ್ಷದ ಆಟಗಾರನೆಂದು ಆರಿಸಿದರು.

ಅಂತರರಾಷ್ಟ್ರೀಯ ಆಟದಿಂದ ನಿರ್ಗಮನ ಮಾತ್ರ ಚೆನ್ನಾಗಿರಲಿಲ್ಲ. 1992ರ ಮೇ ತಿಂಗಳಲ್ಲಿ ಬ್ರೆಜಿಲ್ ಎದುರು ಪೆನಾಲ್ಟಿ ಸಿಕ್ಕಿತು, ಹೊಡೆದಿದ್ದರೆ ಚಾರ್ಲ್ಟನ್ ದಾಖಲೆ ಸರಿಸಮವಾಗುತ್ತಿತ್ತು. ಚೆಂಡನ್ನು ಮೆಲ್ಲಗೆ ಎತ್ತಿ ಹಾಕಲು ಹೋಗಿ ಗೋಲ್‌ಕೀಪರ್ ಕೈಗೆ ಕೊಟ್ಟರು. ಮರುತಿಂಗಳು ಯುರೋ ಟೂರ್ನಿಯಲ್ಲಿ ಸ್ವೀಡನ್ ವಿರುದ್ಧ ಗೋಲು ಬೇಕೇಬೇಕಾಗಿದ್ದ ಹೊತ್ತಿನಲ್ಲಿ ಕೋಚ್ ಗ್ರಹಾಮ್ ಟೇಲರ್ ನಾಯಕ ಲಿನೆಕರ್ ಅವರನ್ನೇ ಹೊರಗೆ ಕರೆದುಕೊಂಡರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಜಪಾನಿನಲ್ಲಿ ಕಾಲ್ಬೆರಳಿನ ಗಾಯ ಬಿಡಲಿಲ್ಲ, 1994ರಲ್ಲಿ ಆಟ ಮುಗಿಯಿತು.

ಆಟಗಾರ ನಿರೂಪಕನಾದದ್ದು ಬ್ರಿಟನ್ನಿಗೆ ಹೊಸತಾಗಿರಲಿಲ್ಲ. ಫುಲ್‌ಹ್ಯಾಮ್ ಕ್ಲಬ್ಬಿನಲ್ಲಿ ಆಡಿದ್ದ ಜಿಮ್ಮಿ ಹಿಲ್, 1961ರಲ್ಲಿ ಆಟಗಾರರ ಸಂಘದ ಅಧ್ಯಕ್ಷರಾಗಿದ್ದಾಗ ವಾರಕ್ಕೆ 20 ಪೌಂಡ್ ಎಂಬ ಸಂಬಳದ ಮಿತಿಯನ್ನು ತೆಗೆಸಿದವರು. 1973ರಿಂದ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮ ‘ಮ್ಯಾಚ್ ಆಫ್ ದ ಡೇ’ ನಡೆಸಿಕೊಟ್ಟರು. ಆರ್ಸೆನಲ್ ಗೋಲ್‌ಕೀಪರ್ ಬಾಬ್ ವಿಲ್ಸನ್ 1974ರಿಂದ ‘ಫುಟ್‌ಬಾಲ್ ಫೋಕಸ್’ ನಿರೂಪಿಸಿದರು. ಆದರೂ ಲಿನೆಕರ್ ಮಟ್ಟದ ತಾರೆಯೊಬ್ಬ, ಅದೂ ವಿಶ್ಲೇಷಕನ ಕುರ್ಚಿ ಬಿಟ್ಟು ನಿರೂಪಕನ ಕುರ್ಚಿಗೆ ಬಂದದ್ದು ಅದೇ ಮೊದಲು.

ಈ ಎರಡು ಕುರ್ಚಿಗಳ ವ್ಯತ್ಯಾಸವನ್ನು ನಮ್ಮ ಓದುಗರು ಕ್ರಿಕೆಟ್ ಮೂಲಕ ಬಲ್ಲರು. ನಿವೃತ್ತ ಕ್ರಿಕೆಟಿಗರು ನಮ್ಮಲ್ಲಿ ಸಾಲಾಗಿ ಕಾಮೆಂಟರಿ ಬಾಕ್ಸ್ ಸೇರುತ್ತಾರೆ, ತಮಗೆ ಗೊತ್ತಿರುವುದನ್ನು ಹೇಳುತ್ತಾರೆ. ಪ್ರಶ್ನೆ ಕೇಳುವ, ಗಡಿಯಾರ ನೋಡುವ, ಮಾತು ತುಂಡರಿಸುವ, ಜಾಹೀರಾತಿಗೆ ಕರೆದೊಯ್ಯುವ ಕೆಲಸವನ್ನು ಬಹುಮಟ್ಟಿಗೆ ಬೇರೆಯವರೇ ಮಾಡುತ್ತಾರೆ. ಅದು ಕಠಿಣ. ಒಂದು ಕಿವಿಯಲ್ಲಿ ನಿರ್ಮಾಪಕರು ಸೆಕೆಂಡುಗಳನ್ನು ಎಣಿಸುತ್ತಿರುತ್ತಾರೆ. ಇನ್ನೊಂದು ಕಿವಿ ಎದುರು ಕುಳಿತವರ ಮಾತಿನ ಮೇಲಿರಬೇಕು. ಬಾಯಿ ಮುಂದಿನ ವಾಕ್ಯಕ್ಕೆ ಸಿದ್ಧವಾಗಬೇಕು. ಇಷ್ಟೆಲ್ಲ ನಡೆಯುವಾಗ ಮುಖದಲ್ಲಿ ಆತುರ ಕಾಣಬಾರದು. ಎಲ್ಲಕ್ಕಿಂತ ಕಷ್ಟವೆಂದರೆ, ಉತ್ತರ ತನಗೇ ಗೊತ್ತಿದ್ದರೂ ಪ್ರಶ್ನೆಯನ್ನಷ್ಟೇ ಕೇಳಿ ಸುಮ್ಮನಿರಬೇಕು. ವಿಶ್ವಕಪ್ಪಿನಲ್ಲಿ ಹತ್ತು ಗೋಲು ಹೊಡೆದವನಿಗೆ ಇನ್ನೊಬ್ಬರು ಗೋಲು ಹೊಡೆಯುವುದು ಹೇಗೆಂದು ವಿವರಿಸುವುದನ್ನು ಕೇಳುವ ತಾಳ್ಮೆ ಬೇಕು.

ಲಿನೆಕರ್‌ಗೂ ಇದು ಒಂದೇ ದಿನದಲ್ಲಿ ಒಲಿಯಲಿಲ್ಲ. ಬಿಬಿಸಿ ರೇಡಿಯೊದಲ್ಲಿ ಮೊದಲ ಪಾಠ, ನಂತರ ‘ಫುಟ್‌ಬಾಲ್ ಫೋಕಸ್’. 1995ರಿಂದ ‘ದೇ ಥಿಂಕ್ ಇಟ್ಸ್ ಆಲ್ ಓವರ್’ ಎಂಬ ಹಾಸ್ಯದ ರಸಪ್ರಶ್ನೆಯಲ್ಲಿ ಕ್ರಿಕೆಟಿಗ ಡೇವಿಡ್ ಗವರ್ ಒಂದು ತಂಡದ ನಾಯಕ, ಇವರು ಇನ್ನೊಂದಕ್ಕೆ. ಶುರುವಿನಲ್ಲಿ ಮಾತು ಮರಗಟ್ಟಿದಂತಿದೆ, ದನಿಯಲ್ಲಿ ಏರಿಳಿತವಿಲ್ಲ ಎಂದು ಪತ್ರಿಕೆಗಳು ಬರೆದವು. ಬಿಟ್ಟು ಹೋಗದೆ ಕಲಿತರು. ಅದೇ ವರ್ಷ ಲೆಸ್ಟರ್‌ನದೇ ಆದ ವಾಕರ್ಸ್ ಚಿಪ್ಸ್‌ನ ಜಾಹೀರಾತಿನಲ್ಲಿ, ಎಂದೂ ತಪ್ಪು ಮಾಡದ ಸಭ್ಯ ಹುಡುಗ ಪಕ್ಕದವನ ಚಿಪ್ಸ್ ಕದಿಯುವವನಾಗಿ ಕಾಣಿಸಿಕೊಂಡು ಮನೆಮನೆಗೂ ಪರಿಚಿತರಾದರು. 1999ರಲ್ಲಿ ಲೈನಮ್ ಬಿಬಿಸಿ ಬಿಟ್ಟು ಐಟಿವಿ ವಾಹಿನಿಗೆ ಹೋದಾಗ ‘ಮ್ಯಾಚ್ ಆಫ್ ದ ಡೇ’ಯ ಕುರ್ಚಿ ಖಾಲಿಯಾಯಿತು. ಜೂನಿಯರ್ ಡೆಸ್ ಅಲ್ಲಿಗೆ ಬಂದು ನಿಂತಿದ್ದರು.

‘ಮ್ಯಾಚ್ ಆಫ್ ದ ಡೇ’ ಶುರುವಾದದ್ದು 1964ರ ಆಗಸ್ಟ್ 22ರಂದು, ಲಿವರ್‌ಪೂಲ್ ಮತ್ತು ಆರ್ಸೆನಲ್ ನಡುವಿನ ಪಂದ್ಯದೊಂದಿಗೆ. ಶನಿವಾರ ಹಗಲು ನಡೆದ ಪಂದ್ಯಗಳ ಸಾರವನ್ನು ರಾತ್ರಿ ತೋರಿಸುವ ಕಾರ್ಯಕ್ರಮ. ಫಲಿತಾಂಶ ಗೊತ್ತಿದ್ದೂ ಜನ ಕುಳಿತು ನೋಡಬೇಕೆಂದರೆ ಆಟದ ತುಣುಕುಗಳ ನಡುವಿನ ಮಾತಿಗೆ ತೂಕವಿರಬೇಕು. ಅಲನ್ ಹ್ಯಾನ್ಸನ್, ಅಲನ್ ಶಿಯರರ್, ಇಯಾನ್ ರೈಟ್ ಅವರಂಥ ಮಾಜಿ ಆಟಗಾರರನ್ನು ಎದುರು ಕೂರಿಸಿಕೊಂಡು ಲಿನೆಕರ್ ಆ ತೂಕ ಉಳಿಸಿದರು. ತಮ್ಮ ಆಟದ ದಿನಗಳ ಬಡಾಯಿ ಕೊಚ್ಚಿಕೊಳ್ಳಲಿಲ್ಲ.

ಊರನ್ನೂ ಬಿಡಲಿಲ್ಲ. 2002ರಲ್ಲಿ ಲೆಸ್ಟರ್ ಸಿಟಿ ದಿವಾಳಿಯ ಅಂಚಿಗೆ ಬಂದಾಗ ಹಣ ಒಟ್ಟುಗೂಡಿಸಿ ಅದನ್ನು ಉಳಿಸಿದ ಗುಂಪಿನ ಮುಂದಾಳು ಅವರೇ. ಅದೇ ಕ್ಲಬ್ 2015ರ ಡಿಸೆಂಬರ್‌ನಲ್ಲಿ ಎಲ್ಲರನ್ನೂ ಬೆರಗುಗೊಳಿಸಿ ಪ್ರೀಮಿಯರ್ ಲೀಗ್ ಪಟ್ಟಿಯ ತುದಿಗೇರಿದಾಗ, ಲೆಸ್ಟರ್ ಪ್ರಶಸ್ತಿ ಗೆದ್ದರೆ ಮುಂದಿನ ಋತುವಿನ ಮೊದಲ ಕಾರ್ಯಕ್ರಮವನ್ನು ಚಡ್ಡಿಯಲ್ಲಿ ನಡೆಸುತ್ತೇನೆ ಎಂದು ಬರೆದರು. ಲೆಸ್ಟರ್ ಗೆದ್ದಿತು. 2016ರ ಆಗಸ್ಟ್‌ನಲ್ಲಿ ಐವತ್ತೈದು ವರ್ಷದ ನಿರೂಪಕ ಬಿಳಿ ಚಡ್ಡಿಯಲ್ಲಿ ಬಂದು ಮಾತು ಉಳಿಸಿಕೊಂಡರು.

ಬಿಬಿಸಿ ನಡೆಯುವುದು ಬ್ರಿಟನ್ನಿನ ಮನೆಗಳು ಕಟ್ಟುವ ಲೈಸೆನ್ಸ್ ಶುಲ್ಕದಿಂದ. 2017ರಲ್ಲಿ ದೊಡ್ಡ ಸಂಬಳಗಳ ಪಟ್ಟಿ ಮೊದಲ ಬಾರಿ ಬಹಿರಂಗವಾದಾಗ ಲಿನೆಕರ್ ಹೆಸರಿನ ಮುಂದೆ 17.5 ಲಕ್ಷ ಪೌಂಡ್‌ಗೂ ಹೆಚ್ಚಿನ ಮೊತ್ತವಿತ್ತು. ಅಲ್ಲಿಂದ ಅವರ ಪ್ರತಿ ಮಾತನ್ನೂ ತೂಗಿ ನೋಡುವವರು ಹೆಚ್ಚಿದರು. ಅವರೂ ಮಾತು ಹೆಚ್ಚಿಸಿದರು. 2022ರ ಕತಾರ್ ವಿಶ್ವಕಪ್ಪಿನ ಮೊದಲ ದಿನ ಆಟದ ಮಾತಿಗಿಂತ ಮುಂಚೆ ಅವರು ಹೇಳಿದ್ದು ಕ್ರೀಡಾಂಗಣ ಕಟ್ಟಿದ ವಲಸೆ ಕಾರ್ಮಿಕರ ಬಗ್ಗೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಕೊಲ್ಲಿ ದೇಶಗಳು ದೂರದ ಊರುಗಳಲ್ಲ. ಆ ಮಾತಿನ ಬೆಲೆ ನಮಗೆ ಯಾರೂ ವಿವರಿಸಬೇಕಿಲ್ಲ.

2023ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಆಶ್ರಯ ಕೇಳಿ ದೋಣಿಗಳಲ್ಲಿ ಬರುವವರ ವಿರುದ್ಧ ಹೊಸ ಮಸೂದೆ ತಂದಿತು. ಅದನ್ನು ಸಮರ್ಥಿಸುವ ಭಾಷೆ 1930ರ ದಶಕದ ಜರ್ಮನಿಯ ಭಾಷೆಗಿಂತ ಅಷ್ಟೇನೂ ಬೇರೆಯಾಗಿಲ್ಲ ಎಂದು ಲಿನೆಕರ್ ಟ್ವೀಟ್ ಮಾಡಿದರು. ನಿರಾಶ್ರಿತರಿಗೆ ತಮ್ಮ ಮನೆಯಲ್ಲೇ ಜಾಗ ಕೊಟ್ಟಿದ್ದವರು ಅವರು. ಬಿಬಿಸಿ ಅವರನ್ನು ಕಾರ್ಯಕ್ರಮದಿಂದ ದೂರವಿರಿಸಿತು. ಆಗ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ರೈಟ್ ಬರುವುದಿಲ್ಲ ಎಂದರು, ಶಿಯರರ್ ಬರುವುದಿಲ್ಲ ಎಂದರು, ಕಾಮೆಂಟರಿಯವರೂ ಹಿಂದೆ ಸರಿದರು. ಮಾರ್ಚ್ 11ರ ರಾತ್ರಿ ‘ಮ್ಯಾಚ್ ಆಫ್ ದ ಡೇ’ ಸುಮಾರು 20 ನಿಮಿಷಕ್ಕೆ ಮುಗಿಯಿತು. ನಿರೂಪಕನಿಲ್ಲ, ವಿಶ್ಲೇಷಕರಿಲ್ಲ, ವಿವರಣೆಯಿಲ್ಲ, ದಶಕಗಳಿಂದ ಕೇಳಿದ ಶೀರ್ಷಿಕೆ ಸಂಗೀತವೂ ಇಲ್ಲ. ಮೈದಾನದ ಸದ್ದು ಮಾತ್ರ. ಎರಡು ದಿನದ ನಂತರ ಬಿಬಿಸಿಯ ಮಹಾನಿರ್ದೇಶಕ ಟಿಮ್ ಡೇವಿ ಆದ ತೊಂದರೆಗೆ ಕ್ಷಮೆ ಕೇಳಿ ಅವರನ್ನು ಮರಳಿ ಕರೆದರು.

ಆ ಹೋಲಿಕೆ ಕಟುವಾಗಿತ್ತು, ನಿಜ. ಆದರೆ ಅಸಹಾಯಕರ ಬಗ್ಗೆ ಆಡುವ ಭಾಷೆ ಎಚ್ಚರದಿಂದಿರಲಿ ಎಂದು ಕೇಳುವುದು ತಪ್ಪಲ್ಲ. ಸುದ್ದಿ ಓದುವವನಲ್ಲದ ಕ್ರೀಡಾ ನಿರೂಪಕನ ಬಾಯಿ ಮುಚ್ಚಿಸಲು ಹೊರಟದ್ದೇ ತಪ್ಪು. ಅವತ್ತು ಲಿನೆಕರ್ ಸರಿಯಾಗಿದ್ದರು ಎಂದು ನಾನು ನಂಬುತ್ತೇನೆ.

2025ರ ಮೇನಲ್ಲಿ ಅವರು ಸರಿಯಾಗಿರಲಿಲ್ಲ. ಝಿಯೋನಿಸಂ (ಯಹೂದಿ ರಾಷ್ಟ್ರವಾದ) ಕುರಿತ ವಿಡಿಯೊವೊಂದನ್ನು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡರು. ಅದರಲ್ಲಿ ಇಲಿಯ ಚಿತ್ರವಿತ್ತು. ಯಹೂದಿಗಳನ್ನು ಇಲಿಗಳಿಗೆ ಹೋಲಿಸಿದ್ದು ನಾಜಿ ಪ್ರಚಾರ. ಚಿತ್ರವನ್ನು ಗಮನಿಸಿರಲಿಲ್ಲ ಎಂದರು, ಅಳಿಸಿದರು, ನೇರವಾಗಿ ಕ್ಷಮೆ ಕೇಳಿದರು. ಆದರೆ ಬೇರೆಯವರ ಭಾಷೆಯಲ್ಲಿ 1930ರ ದಶಕದ ನೆರಳು ಕಂಡವರಿಗೆ ತಮ್ಮ ಕೈಯಲ್ಲೇ ಅದು ಕಾಣದೆ ಹೋದದ್ದು ಬೇರೆಯವರು ಮಾಡಿದ್ದಕ್ಕಿಂತ ಹೆಚ್ಚು ತೂಗುತ್ತದೆ. ಗಮನಿಸುವುದೇ ಅವರ ಬದುಕಿನ ಬಂಡವಾಳವಾಗಿತ್ತು. ಅಂದು ಅದೇ ತಪ್ಪಿತು. ಆ ಋತುವಿನ ಕೊನೆಗೆ ಕಾರ್ಯಕ್ರಮ ಬಿಡುವುದಾಗಿ ಅವರು ಹಿಂದಿನ ನವೆಂಬರ್‌ನಲ್ಲೇ ಪ್ರಕಟಿಸಿದ್ದರು. ಈ ಘಟನೆಯ ನಂತರ 2026ರ ವಿಶ್ವಕಪ್ ನಿರೂಪಣೆಯೂ ಕೈತಪ್ಪಿತು. 2025ರ ಮೇ 25ರಂದು ಕೊನೆಯ ಕಾರ್ಯಕ್ರಮ ನಡೆಸಿಕೊಟ್ಟು ಬಿಬಿಸಿಯಿಂದ ಹೊರನಡೆದರು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ವೀಕ್ಷಕರು ಮತ ಹಾಕಿ ವರ್ಷದ ಟಿವಿ ನಿರೂಪಕನೆಂದು ಅವರನ್ನೇ ಆರಿಸಿದರು.

‘ಮ್ಯಾಚ್ ಆಫ್ ದ ಡೇ’ಯನ್ನು ಈಗ ಮೂವರು ಹಂಚಿಕೊಂಡು ನಡೆಸುತ್ತಾರೆ: ಗ್ಯಾಬಿ ಲೋಗನ್, ಮಾರ್ಕ್ ಚಾಪ್‌ಮನ್, ಕೆಲ್ಲಿ ಕೇಟ್ಸ್. ಮೂವರಲ್ಲಿ ಯಾರೂ ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ. ಕೆಲ್ಲಿ ಅವರ ತಂದೆ ಕೆನ್ನಿ ಡಾಲ್ಗ್ಲಿಷ್. 1986ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ಪರ ಮೊದಲ ಗೋಲು ಲಿನೆಕರ್ ಹೊಡೆದಾಗ ಎದುರಾಳಿ ಲಿವರ್‌ಪೂಲ್‌ನ ಆಟಗಾರರೂ ಮ್ಯಾನೇಜರೂ ಆಗಿದ್ದವರು ಡಾಲ್ಗ್ಲಿಷ್. ಆ ಪಂದ್ಯವನ್ನು ಲಿವರ್‌ಪೂಲ್ 3–1ರಿಂದ ಗೆದ್ದಿತು.