ಸುರಪುರದ ಗುಡ್ಡದ ಮೇಲಿನ ಬಂಗಲೆ

ಕಲಬುರಗಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ಪ್ರಯಾಣಿಕನು ಕಟ್ಟಿ ಸಂಗಾವಿಯ ಬಳಿ ಭೀಮಾನದಿಯನ್ನು ದಾಟಿ ಜೇವರ್ಗಿಯನ್ನು ಸೇರುವನು. ಆಳಂದ, ಅಫಜಲಪುರಗಳ ಕಡೆಯವರಿಗೂ ದಕ್ಷಿಣಕ್ಕೆ ಹೋಗಲು ಇದು ಪರಿಚಿತವಾದ ಹಾದಿ. ಮಳೆಗಾಲ ಕಳೆದ ಮೇಲೆ ಇಕ್ಕೆಲಗಳಲ್ಲಿಯೂ ಜೋಳ ತೊಗರಿಗಳ ಹಸುರು ಕಣ್ಣಿಗೆ ತಂಪನ್ನೀಯುವುದು. ಆದರೆ ಚೈತ್ರ ವೈಶಾಖಗಳಲ್ಲಿ ಎರೆಯ ನೆಲವು ಬಿರಿದು ಬಾಯ್ದೆರೆದು, ಗಿಡದ ನೆರಳಿಗಾಗಿ ಹರದಾರಿ ದೂರ ಹುಡುಕಬೇಕಾಗುವುದು. ಮರುಭೂಮಿಯೆಂಬ ಹೆಸರು ಇದಕ್ಕಿಲ್ಲದಿದ್ದರೂ, ಬಿಸಿಲಿನಲ್ಲಿ ನಡೆದವರು ಆ ಹೆಸರನ್ನು ಅಲ್ಲಗಳೆಯಲಾರರು. ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವನ್ನು ಹಿಂದಿಕ್ಕಿ ಇನ್ನೂ ಮುಂದೆ ಸಾಗಿದರೆ, ದೊಡ್ಡ ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿದಂತಿರುವ ಗುಡ್ಡಗಳ ನಡುವೆ ಸುರಪುರವು ಕಾಣಿಸುವುದು. ಅಲ್ಲಿಯ ಒಂದು ಗುಡ್ಡದ ಮೇಲೆ ಇಂಗ್ಲಿಷರ ಕಾಲದ ಬಂಗಲೆಯೊಂದಿದೆ. ಜನರು ಅದನ್ನು ಟೇಲರ್ ಮಂಜಿಲ್ ಎಂದು ಕರೆಯುವರು. ಅದರ ಕಥೆಯನ್ನು ನಮ್ಮ ವಾಚಕರಿಗೆ ಇಂದು ಅರಿಕೆ ಮಾಡಬೇಕೆಂದಿದ್ದೇವೆ. ಏಕೆಂದರೆ ಅದು ಕಲ್ಲುಗಾರೆಯ ಕಥೆಗಿಂತ ಹೆಚ್ಚಾಗಿ ಒಬ್ಬ ತಬ್ಬಲಿ ಬಾಲಕನ ಮತ್ತು ಅವನ ಪಾಲಕನ ಕಥೆಯಾಗಿದೆ.

ಸುರಪುರವು ಬೇಡ ನಾಯಕರ ರಾಜಧಾನಿ. ಈ ಮನೆತನದ ಶೌರ್ಯವನ್ನು ಔರಂಗಜೇಬನೇ ಕಂಡುಂಡಿದ್ದನು. ಆ ಮುದಿ ಬಾದಶಹನು 1705ರಲ್ಲಿ ತಾನೇ ಸೈನ್ಯದೊಡನೆ ಬಂದು ಸಮೀಪದ ವಾಗಿನಗೇರಿಯ ಕೋಟೆಯನ್ನು ಮುತ್ತಿದನು. ಅವನು ಸ್ವತಃ ನಡೆಯಿಸಿದ ಮುತ್ತಿಗೆಗಳಲ್ಲಿ ಅದೇ ಕಡೆಯದು. ಎರಡು ವರ್ಷಗಳೊಳಗೆ ಅವನು ತೀರಿಕೊಂಡನು. ನಾಯಕರು ಮಾತ್ರ ಸುರಪುರದಲ್ಲಿ ನೆಲೆಯೂರಿ ಇನ್ನೂ ಒಂದೂವರೆ ಶತಮಾನ ಆಳಿದರು. ಬರಬರುತ್ತ ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡಬೇಕಾಯಿತು, ಸಾಲ ಬೆಳೆಯಿತು, ಮನೆಯೊಳಗೆ ಒಡಕು ಹುಟ್ಟಿತು. ರಾಜಾ ಕೃಷ್ಣಪ್ಪ ನಾಯಕನು ಮಡಿದಾಗ ಅವನ ಮಗ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕ. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕ. ನಡುವೆ ಸಾಲಗಾರರು ಮತ್ತು ಆಯುಧಧಾರಿಗಳಾದ ಸಾವಿರಾರು ಬೇಡರು. ಇಂತಹ ಸಮಯದಲ್ಲಿ, 1841-42ರ ಸುಮಾರಿಗೆ, ಹೈದರಾಬಾದಿನ ರೆಸಿಡೆಂಟನು ಸುರಪುರಕ್ಕೆ ಕಳುಹಿಸಿದ ಅಧಿಕಾರಿಯೇ ಫಿಲಿಪ್ ಮೆಡೋಸ್ ಟೇಲರ್.

ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನಾರು ತುಂಬುವ ಮೊದಲೇ ಮುಂಬಯಿಗೆ ಬಂದು ಒಬ್ಬ ವರ್ತಕನ ಬಳಿ ಕೆಲಸ ಮಾಡುವ ಆಸೆಯಿಂದಿದ್ದನು. ಆ ವರ್ತಕನ ವ್ಯಾಪಾರವೇ ಕುಸಿಯುತ್ತಿದ್ದುದರಿಂದ, 1824ರಲ್ಲಿ ನಿಜಾಮನ ಸೈನ್ಯವನ್ನು ಸೇರಿದನು. ಅವನು ಕುಂಪಣಿಯ ನೌಕರನಲ್ಲವಾದುದರಿಂದ ದೊಡ್ಡ ಪದವಿಗಳ ಬಾಗಿಲು ಬಹುಕಾಲ ಅವನಿಗೆ ತೆರೆಯಲಿಲ್ಲ. ಭೂಮಾಪನ, ಕಾನೂನು, ಭಾಷೆಗಳು ಎಲ್ಲವನ್ನೂ ತಾನಾಗಿಯೇ ಕಲಿತನು. ಠಕ್ಕರ ವೃತ್ತಾಂತವನ್ನು ಕುರಿತು 1839ರಲ್ಲಿ ಅವನು ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯು ವಿಲಾಯತಿಯಲ್ಲಿ ಬಹಳ ಹೆಸರು ಪಡೆಯಿತು.

ಸುರಪುರದಲ್ಲಿ ಅವನು 1853ರ ವರೆಗೆ ಇದ್ದನು. ಸಂಸ್ಥಾನದ ಲೆಕ್ಕಪತ್ರಗಳನ್ನು ಸರಿಪಡಿಸಿದನು, ಸಾಲ ತೀರಿಸುವ ದಾರಿ ಹುಡುಕಿದನು, ಸೀಮೆಯನ್ನು ತಾನೇ ಅಳೆದು ನಕಾಶೆ ಬರೆದನು. ತನ್ನ ವಾಸಕ್ಕಾಗಿ ಗುಡ್ಡದ ಮೇಲೆ ಬಂಗಲೆಯನ್ನು ಕಟ್ಟಿಸಿದುದೂ ಈ ಕಾಲದಲ್ಲಿಯೇ. ಊರಿಗಿಂತ ಎತ್ತರದಲ್ಲಿ ಗಾಳಿ ಬೀಸುವ ಸ್ಥಳವನ್ನು ಆರಿಸಿದುದು ಬೇಸಗೆಯನ್ನು ಬಲ್ಲವನ ಜಾಣತನವೂ ಹೌದು. ಅರಮನೆಯ ಮೇಲೊಂದು ಕಣ್ಣಿಡಬೇಕಾದ ಅಧಿಕಾರಿಯ ಜಾಣತನವೂ ಹೌದೆಂದು ನಮಗೆ ತೋರುವುದು.

ನಮ್ಮ ಜೇವರ್ಗಿಯ ವಾಚಕರಿಗೆ ಇಲ್ಲೊಂದು ವಿಶೇಷವನ್ನು ಹೇಳಬೇಕು. ಬಿಡುವಿನ ವೇಳೆಯಲ್ಲಿ ಟೇಲರನಿಗೆ ಹಳೆಯ ಕಲ್ಗೋರಿಗಳನ್ನು ಶೋಧಿಸುವ ಹವ್ಯಾಸವಿತ್ತು. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಹಾಸುಬಂಡೆಗಳನ್ನು ನಿಲ್ಲಿಸಿ ಮೇಲೊಂದು ಬಂಡೆಯನ್ನು ಹೊದಿಸಿದ ಪುರಾತನ ಗೂಡುಗಳಿವೆ. ಹಿಂದೆ ಮೋರಿಯರೆಂಬ ಕುಳ್ಳರು ಅವುಗಳಲ್ಲಿ ವಾಸಿಸುತ್ತಿದ್ದರೆಂದು ಜನರ ನಂಬಿಕೆ. ಅವುಗಳನ್ನೂ, ಜೇವರ್ಗಿಯ ಸಮೀಪದ ಕಲ್ಲುಗುಪ್ಪೆಗಳನ್ನೂ ಅವನು ಅಗೆಸಿ, ಯಾವ ಮಣ್ಣಿನ ಪದರದಲ್ಲಿ ಯಾವ ಎಲುಬು, ಯಾವ ಮಡಕೆ ಇತ್ತೆಂಬುದನ್ನು ಚಿತ್ರ ಬರೆದು ತೋರಿಸಿದನು. ನೂರು ವರ್ಷಗಳ ಮೇಲೆ ಪ್ರಾಚ್ಯಸಂಶೋಧನ ಪಂಡಿತನಾದ ಮಾರ್ಟಿಮರ್ ವ್ಹೀಲರನು ಈ ಕೆಲಸವನ್ನು ಬಹಳವಾಗಿ ಮೆಚ್ಚಿಕೊಂಡನು. ನಾವು ದಿನವೂ ಎತ್ತು ಹೊಡೆದುಕೊಂಡು ಹಾದುಹೋಗುವ ಕಲ್ಲಿನ ರಾಶಿಯು ಪರದೇಶದ ಪಂಡಿತರ ಗ್ರಂಥಗಳಲ್ಲಿ ಸೇರಿರುವುದು ಸೋಜಿಗವಲ್ಲವೆ?

ಇನ್ನು ಬಾಲರಾಜನ ಮಾತು. ವೆಂಕಟಪ್ಪನು ಟೇಲರನ ಕಣ್ಣಮುಂದೆಯೇ ಬೆಳೆದನು. ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನು. ರಾಣಿಯು ಮಗನ ಜಾತಕವನ್ನು ಟೇಲರನಿಗೆ ತೋರಿಸಿದ ಪ್ರಸಂಗವೊಂದು ಅವನ ಆತ್ಮಕಥೆಯಲ್ಲಿ ಬರುವುದು. ಇಪ್ಪತ್ನಾಲ್ಕನೆಯ ವರ್ಷಕ್ಕೆ ರಾಜನಿಗೆ ಮರಣ, ರಾಜ್ಯಕ್ಕೆ ನಾಶ ಎಂದು ಅದರಲ್ಲಿ ಬರೆದಿತ್ತಂತೆ. ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದುದು.

1853ರಲ್ಲಿ ರಾಜನು ಪ್ರಾಯಕ್ಕೆ ಬಂದನೆಂದು ರಾಜ್ಯವನ್ನು ಅವನಿಗೊಪ್ಪಿಸಿ ಟೇಲರನು ನಳದುರ್ಗದ ಕಡೆಗೆ ವರ್ಗವಾಗಿ ಹೋದನು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ 1857ರ ಉತ್ಪಾತವು ಬಂದೊದಗಿತು. ಕನ್ನಡ ನಾಡಿನಲ್ಲಿಯೂ ಕಿಡಿ ಹಾರಿತು. ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಎದ್ದರು. ಸುರಪುರದಲ್ಲಿಯೂ ಅರಬರು, ರೋಹಿಲರು ನೆರೆದರು. ರಾಜನ ಮನಸ್ಸನ್ನು ತಿಳಿಯಲೆಂದು ಬಂದ ಕ್ಯಾಪ್ಟನ್ ಕ್ಯಾಂಪ್‌ಬೆಲ್ಲನ ಬಿಡಾರದ ಮೇಲೆ 1858ರ ಫೆಬ್ರವರಿ 7ರ ರಾತ್ರಿ ದಾಳಿಯಾಯಿತು. ಮರುದಿನದ ಕಾದಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ದೊಡ್ಡ ಸೈನ್ಯವು ಬರುತ್ತಿರುವುದನ್ನು ತಿಳಿದು ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದನು; ಅಲ್ಲಿ ಸೆರೆ ಸಿಕ್ಕಿದನು.

ಸೆರೆಮನೆಯಲ್ಲಿ ಅವನನ್ನು ನೋಡಲು ಬಂದವನು ಅದೇ 'ಅಪ್ಪ'. ಒಳಸಂಚಿನಲ್ಲಿದ್ದವರ ಹೆಸರುಗಳನ್ನು ಹೇಳಿದರೆ ಕ್ಷಮೆ ಸಿಕ್ಕೀತೆಂದು ಸೂಚನೆಯಾಯಿತು. ತರುಣನು ಒಬ್ಬರ ಹೆಸರನ್ನೂ ಹೇಳಲೊಲ್ಲದೆ ಹೋದನು. ಇದನ್ನು ಬರೆದಿಟ್ಟವನು ಟೇಲರನೇ ಎಂಬುದನ್ನು ನಾವು ಮರೆಯಬಾರದು. ಎದುರು ಪಕ್ಷದವನ ಲೇಖನಿಯಿಂದ ಬಂದ ಇಂತಹ ಸಾಕ್ಷಿಗೆ ಬೆಲೆ ಹೆಚ್ಚು. ಮೊದಲು ಮರಣದಂಡನೆ, ಬಳಿಕ ಜೀವಾವಧಿ ಗಡೀಪಾರು, ಕೊನೆಗೆ ಗವರ್ನರ್ ಜನರಲನ ಅಪ್ಪಣೆಯಂತೆ ಚೆಂಗಲಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದು ಶಿಕ್ಷೆಯು ಇಳಿಯಿತು. ನಡತೆ ಒಳ್ಳೆಯದಾಗಿದ್ದರೆ ರಾಜ್ಯವು ಮರಳಿ ದೊರೆಯುವ ಆಸೆಯೂ ಇತ್ತು. ಆದರೆ ಕೋಟೆಯನ್ನು ಸೇರುವ ಮೊದಲೇ, ದಾರಿಯಲ್ಲಿ, ಕಾವಲಿನ ಅಧಿಕಾರಿಯು ಕಳಚಿಟ್ಟಿದ್ದ ಪಿಸ್ತೂಲಿನ ಗುಂಡು ತಗಲಿ ರಾಜನು ಪ್ರಾಣಬಿಟ್ಟನು. ಪರರ ಕೋಟೆಯಲ್ಲಿ ಕೈದಿಯಾಗಿ ಬಾಳುವುದಕ್ಕಿಂತ ಮರಣವೇ ಲೇಸೆಂದು ತಾನೇ ಹಾರಿಸಿಕೊಂಡನೆಂದು ನಾಡಿನ ಜನರು ಹೇಳುತ್ತ ಬಂದಿದ್ದಾರೆ. ಆಗ ಅವನಿಗೆ ಇಪ್ಪತ್ನಾಲ್ಕರ ಪ್ರಾಯ.

ಸುರಪುರವನ್ನು ಆಳಲು ಮತ್ತೆ ಟೇಲರನೇ ಬಂದನು. ಬಂಗಲೆಯು ಹಾಗೆಯೇ ಇತ್ತು; ಅರಮನೆಯಲ್ಲಿ ಅರಸನಿರಲಿಲ್ಲ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು; ಅದೇ ವರ್ಷ ಟೇಲರನು ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹೊರಟನು. 1876ರಲ್ಲಿ ಅವನು ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ ತೀರಿಕೊಂಡನು. ಅವನ ಆತ್ಮಕಥೆಯನ್ನು ಮುಂದಿನ ವರ್ಷ ಮಗಳು ಹೊರತಂದಳು. ನಿಜಾಮನ ಆಳಿಕೆಯೂ 1948ರಲ್ಲಿ ಮುಗಿಯಿತು. ಸುರಪುರವು ಈಗ ಯಾದಗಿರಿ ಜಿಲ್ಲೆಗೆ ಸೇರಿದೆ. ಬಂಗಲೆಯು ಬಹುಕಾಲ ಸರಕಾರಿ ಪ್ರವಾಸಿ ಮಂದಿರವಾಗಿ ಬಂದುಹೋಗುವವರಿಗೆ ನೆರಳಿತ್ತಿದೆ.

ಟೇಲರನನ್ನು ನಾವು ಹೇಗೆ ನೆನೆಯಬೇಕು? ಅವನ ಪ್ರೀತಿಯು ಸುಳ್ಳೆಂದು ಹೇಳಲು ಮನಸ್ಸೊಪ್ಪದು. ಹಾಗೆಂದು ಅವನು ರಾಜನನ್ನು ಉಳಿಸಿದನೆಂದೂ ಹೇಳುವಂತಿಲ್ಲ. ಏಕೆಂದರೆ ಅವನು ಬಾಲಕನಿಗೆ ಪಾಲಕನಾಗಿದ್ದಂತೆ ಸರಕಾರಕ್ಕೆ ಸೇವಕನೂ ಆಗಿದ್ದನು. ಎರಡು ಋಣಗಳು ಎದುರುಬದುರಾದ ದಿನ ಯಾವುದು ಗೆದ್ದಿತೆಂಬುದನ್ನು ಚರಿತ್ರೆಯು ಹೇಳುತ್ತದೆ. ಪರರ ಮಕ್ಕಳನ್ನು ಸಾಕುವ ಹೊಣೆ ಹೊತ್ತ ಗೃಹಸ್ಥರು ನಮ್ಮಲ್ಲಿ ಮನೆಮನೆಗೂ ಉಂಟು. ಅವರಿಗೆ ಈ ಕಥೆಯ ತಿರುಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹಾದಿಯಲ್ಲಿ ಹೋಗುವ ವಾಚಕರು ಒಂದು ಗಳಿಗೆ ನಿಂತು ಗುಡ್ಡವನ್ನೇರಿ ಬಂಗಲೆಯನ್ನು ನೋಡಲಿ, ಮಕ್ಕಳಿಗೂ ತೋರಿಸಲಿ. ಇಳಿಯುವ ಮುನ್ನ ಕೆಳಗಿರುವ ಅರಮನೆಯ ಕಡೆಗೂ ಕಣ್ಣು ಹಾಯಿಸಲಿ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಬಂದವರು ಸುರಪುರವನ್ನು ಅರ್ಧವೇ ನೋಡಿದಂತಾಗುವುದು.