ಪಾಚಿ ನುಡಿಯುವ ಸಾಕ್ಷಿ

ಊರಿನ ಕೊಳಚೆ ಸಮುದ್ರಕ್ಕೆ ಸೇರುತ್ತದೆ. ಹೊಲಕ್ಕೆ ಹಾಕಿದ ಗೊಬ್ಬರವೂ ಮಳೆಯಲ್ಲಿ ತೊಳೆದುಹೋಗಿ ಸಮುದ್ರಕ್ಕೇ ಸೇರುತ್ತದೆ. ಎರಡರಲ್ಲಿಯೂ ಸಾರಜನಕವುಂಟು. ಅದು ಮಿತಿಮೀರಿತೆಂದರೆ ಪಾಚಿ ಹುಚ್ಚೆದ್ದು ಬೆಳೆದು, ಸತ್ತು, ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ತೀರಿ ಮೀನುಗಳಿಗೆ ಉಸಿರು ಕಟ್ಟುತ್ತದೆ. ತಪ್ಪು ಯಾರದು? ಪಟ್ಟಣದವರು ರೈತನತ್ತ ಬೆರಳು ತೋರುತ್ತಾರೆ, ರೈತ ಪಟ್ಟಣದತ್ತ. ನೀರನ್ನು ಸೀಸೆಯಲ್ಲಿ ತುಂಬಿ ಪರೀಕ್ಷಿಸಿದರೆ ಸಾರಜನಕ ಎಷ್ಟಿದೆಯೆಂಬುದು ತಿಳಿದೀತೇ ಹೊರತು ಎಲ್ಲಿಂದ ಬಂತೆಂಬುದು ತಿಳಿಯದು.

ಈ ವ್ಯಾಜ್ಯದಲ್ಲಿ ಸಾಕ್ಷಿಯಾಗುವುದು ಪರಮಾಣುವಿನ ತೂಕ. ಸಾರಜನಕದ ಪರಮಾಣುಗಳಲ್ಲಿ ಬಹುಪಾಲು 14ರ ತೂಕದವು. ಸುಮಾರು 270ಕ್ಕೆ ಒಂದು ಮಾತ್ರ 15ರದು. ಇವಕ್ಕೆ ಸ್ಥಿರ ಐಸೊಟೋಪುಗಳೆಂದು ಹೆಸರು. ಹೆಸರು ಕೇಳಿ ಬಾಂಬು, ವಿಕಿರಣ ಎಂದು ವಾಚಕರು ಹೆದರಬೇಕಾಗಿಲ್ಲ. ಇವು ಒಡೆಯುವುದೂ ಇಲ್ಲ, ಕ್ಷಯಿಸುವುದೂ ಇಲ್ಲ. ಕಾರ್ಖಾನೆಯ ಗೊಬ್ಬರವನ್ನು ಗಾಳಿಯ ಸಾರಜನಕದಿಂದಲೇ ಮಾಡುವುದರಿಂದ ಅದರಲ್ಲಿ ಭಾರದ ಪರಮಾಣುಗಳ ಪ್ರಮಾಣ ಹೆಚ್ಚುಕಡಿಮೆ ಗಾಳಿಯಲ್ಲಿರುವಷ್ಟೇ. ಕೊಳಚೆಯ ಕಥೆ ಬೇರೆ. ಅದರಿಂದ ಅಮೋನಿಯ ಆವಿಯಾಗಿ ಹೋಗುವಾಗಲೂ, ಸೂಕ್ಷ್ಮಜೀವಿಗಳು ಸಾರಜನಕವನ್ನು ಗಾಳಿಗೆ ಬಿಡುವಾಗಲೂ ಹಗುರವಾದುದಕ್ಕೇ ಮೊದಲ ಸರದಿ. ಹೀಗಾಗಿ ಉಳಿದುದರಲ್ಲಿ ಭಾರದ ಪಾಲು ಏರುತ್ತದೆ. ಗಾಳಿಯಲ್ಲಿ ಅವು 1000 ಇದ್ದರೆ, ಅಷ್ಟೇ ಕೊಳಚೆ ಸಾರಜನಕದಲ್ಲಿ 1010ರ ಸುಮಾರು ಇದ್ದಾವು. ಅಲ್ಪವೆನಿಸಿದರೂ ಅಳೆಯುವ ಯಂತ್ರಕ್ಕೆ ಅಷ್ಟು ಸಾಕು.

ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ಎದುರಿಗಿರುವ ಮಾರ್ಟನ್ ಕೊಲ್ಲಿಯಲ್ಲಿ 1990ರ ದಶಕದ ಕೊನೆಗೆ ವಿಜ್ಞಾನಿಗಳು ಇದನ್ನು ಸೊಗಸಾಗಿ ಬಳಸಿಕೊಂಡರು. ಒಂದು ಬಗೆಯ ಕೆಂಪು ಪಾಚಿಯನ್ನು ತೂತುಗಳಿರುವ ಪಾರದರ್ಶಕ ಡಬ್ಬಿಗಳಲ್ಲಿಟ್ಟು ಕೊಲ್ಲಿಯ ಹಲವಾರು ಕಡೆ ನಾಲ್ಕು ದಿನ ಇಳಿಬಿಟ್ಟರು. ನೀರೇನೋ ಅಲೆಯಲೆಗೂ ಬದಲಾಗುತ್ತದೆ. ಪಾಚಿಯಾದರೋ ನಾಲ್ಕು ದಿನ ಉಂಡುದನ್ನು ಮೈಯಲ್ಲಿಯೇ ಕೂಡಿಟ್ಟಿರುತ್ತದೆ. ಅದನ್ನು ಒಣಗಿಸಿ ಅಳೆದು ನಕ್ಷೆ ಬರೆದರೆ, ಪಟ್ಟಣದ ಕಡೆಯ ನದೀಮುಖಗಳ ಬಳಿ ಭಾರದ ಅಂಶ ಹೆಚ್ಚು, ತೆರೆದ ಕಡಲಿನತ್ತ ಹೋದಂತೆ ಕಡಮೆ. ಕೊಳಚೆ ಎಲ್ಲಿಯವರೆಗೆ ಚಾಚಿದೆಯೆಂಬುದು ಹೀಗೆ ಗೆರೆ ಎಳೆದಂತೆ ಕಂಡಿತು. ಶುದ್ಧೀಕರಣದ ಸ್ಥಾವರಗಳನ್ನು ಸುಧಾರಿಸಿದ ಮೇಲೆ ಮತ್ತೆ ಅಳೆದಾಗ ಆ ಗೆರೆ ದಡದತ್ತ ಸರಿದಿತ್ತು. ಖರ್ಚು ಮಾಡಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕಪತ್ರ ಬೇಕೆ?

ಆದರೂ ಈ ಸಾಕ್ಷಿ ಸರ್ವಜ್ಞನಲ್ಲ. ದನದ ಸಗಣಿ, ಗಂಜಲಗಳ ಸಾರಜನಕವೂ ಭಾರದ ಕಡೆಗೇ ವಾಲುತ್ತದೆ. ಕೊಟ್ಟಿಗೆ ಗೊಬ್ಬರ ಹಾಕುವ ಸೀಮೆಯಲ್ಲಿ ಅದನ್ನೂ ಮನುಷ್ಯರ ಕೊಳಚೆಯನ್ನೂ ತೂಕವೊಂದರಿಂದಲೇ ಬೇರ್ಪಡಿಸಲಾಗದು. ಆಗ ನೀರಿನಲ್ಲಿ ಕಾಫಿಯ ಕೆಫೀನ್ ಇದೆಯೇ ಎಂದು ಹುಡುಕುವುದುಂಟು. ಹಸು ಕಾಫಿ ಕುಡಿಯುವುದಿಲ್ಲವಷ್ಟೆ.