ಸಳನ ಹುಲಿ, ರೋಮಿನ ತೋಳ



ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆವು. ಚೆನ್ನಕೇಶವ ದೇವಾಲಯದ ಬಾಗಿಲ ಪಕ್ಕದಲ್ಲಿ ಸಳ ಹುಲಿಯನ್ನು ಕೊಲ್ಲುವ ಶಿಲ್ಪ ಇದೆಯಲ್ಲ, ಅದನ್ನು ನೋಡಿ ಮಗ, "ಅಪ್ಪಾ, ಇದು ಹುಲಿ ಅಲ್ಲ, ಸಿಂಹ!" ಅಂದ. ನೈರೋಬಿ ನ್ಯಾಷನಲ್ ಪಾರ್ಕಿನಲ್ಲಿ ಸಿಂಹ ನೋಡುತ್ತಾ ಬೆಳೆದ ಹುಡುಗ, ವಾದ ಮಾಡುವುದು ಕಷ್ಟ. "ಹಾಗಾದ್ರೆ ಕಥೆ ಸುಳ್ಳಾ?" ಅಂತ ಇನ್ನೊಂದು ಪ್ರಶ್ನೆ. ಆಗ ನಮಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕುತ್ತಾ ಹೋದವರು ರೋಮ್ ತನಕ ಹೋಗಬೇಕಾಯಿತು!

ರೋಮಿಗೂ ಒಂದು ಮೂಲಕಥೆ ಇದೆ. ನದಿಗೆ ಬಿಟ್ಟ ಅವಳಿ ಕೂಸುಗಳಾದ ರೊಮ್ಯುಲಸ್ ಮತ್ತು ರೀಮಸ್‌ಗೆ ಹೆಣ್ಣು ತೋಳವೊಂದು ಹಾಲೂಡಿಸಿತು. ದೊಡ್ಡವನಾದ ಮೇಲೆ ರೊಮ್ಯುಲಸ್ ನಗರ ಕಟ್ಟಿದ. ಇದರ ಪ್ರಸಿದ್ಧ ಕಂಚಿನ ಶಿಲ್ಪ ಅಲ್ಲಿನ ಕ್ಯಾಪಿಟೋಲಿನ್ ಮ್ಯೂಸಿಯಮ್ಮಿನಲ್ಲಿದೆ. ಸ್ವಾರಸ್ಯವೆಂದರೆ, 1471ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್‌ಟಸ್ ಅದನ್ನು ನಗರಕ್ಕೆ ಕೊಟ್ಟಾಗ ತೋಳ ಮಾತ್ರ ಇತ್ತು. ಮಕ್ಕಳನ್ನು ಸೇರಿಸಿದ್ದು ಆ ಶತಮಾನದ ಕೊನೆಯಲ್ಲಿ, ಪುನರುಜ್ಜೀವನ ಕಾಲದ ಕಲಾವಿದರು. ತೋಳವಾದರೂ ಹಳೆಯದೇ? ಕ್ರಿಸ್ತಪೂರ್ವ 5ನೇ ಶತಮಾನದ್ದೆಂದು ಹೆಚ್ಚಿನವರು ನಂಬಿದ್ದರು. ಆದರೆ ಅದು ಒಂದೇ ಎರಕದಲ್ಲಿ ತಯಾರಾದದ್ದು. ಪ್ರಾಚೀನರು ದೊಡ್ಡ ಕಂಚಿನ ಮೂರ್ತಿಗಳನ್ನು ಭಾಗ ಭಾಗವಾಗಿ ಎರೆದು ಜೋಡಿಸುತ್ತಿದ್ದರು. ಇದನ್ನು ಗಮನಿಸಿ 2006ರಲ್ಲಿ ಅನ್ನಾ ಮರಿಯಾ ಕರೂಬಾ ಎಂಬ ತಜ್ಞೆ ಅದು ಮಧ್ಯಯುಗದ್ದೆಂದರು. ನಂತರದ ಕಾರ್ಬನ್ ಪರೀಕ್ಷೆಗಳು 11-12ನೇ ಶತಮಾನವನ್ನು ಸೂಚಿಸಿದವು. ಒಪ್ಪದ ವಿದ್ವಾಂಸರೂ ಇದ್ದಾರೆ.

ಆ ಕಾಲದ ಇಟಲಿಯಲ್ಲಿ ರೋಮನ್ ಕಥೆಗಳು ಮನೆಯೊಳಗೂ ಬಂದವು. ಫ್ಲಾರೆನ್ಸಿನಲ್ಲಿ ಮದುವೆಯ ಪೆಟ್ಟಿಗೆಗಳ ಮೇಲೆ ಲುಕ್ರೇಶಿಯಾಳ ಕಥೆ ಬರೆಸುತ್ತಿದ್ದರು. ರಾಜಕುಮಾರನಿಂದ ಅತ್ಯಾಚಾರಕ್ಕೊಳಗಾಗಿ ಪ್ರಾಣಬಿಟ್ಟ ಹೆಣ್ಣುಮಗಳು ಅವಳು. ಮದುಮಗಳಿಗೆ ಅದು ಪಾತಿವ್ರತ್ಯದ ಪಾಠ! ಸುಮಾರು 1500ರಲ್ಲಿ ಬಾಟಿಚೆಲಿ ಅದೇ ಕಥೆಯನ್ನು ಚಿತ್ರಿಸಿದ. ಆ ಫಲಕ ಈಗ ಬಾಸ್ಟನ್ನಿನ ಗಾರ್ಡ್ನರ್ ಮ್ಯೂಸಿಯಮ್ಮಿನಲ್ಲಿದೆ. ಅದರ ನಡುಮಧ್ಯೆ ಇರುವುದು ಅವಳ ಶವದ ಮುಂದೆ ನಿಂತು, ರಾಜರನ್ನು ಓಡಿಸಿ ಎಂದು ಜನರನ್ನು ಹುರಿದುಂಬಿಸುವ ಬ್ರೂಟಸ್. ಫ್ಲಾರೆನ್ಸ್ ತನ್ನ ಒಡೆಯರಾದ ಮೆಡಿಚಿಗಳನ್ನು ಹೊರಗಟ್ಟಿದ್ದು 1494ರಲ್ಲಿ. ಕಥೆ ಒಂದೇ, ಬರೆಸಿದವರ ಅಗತ್ಯ ಬೇರೆ.

ಈಗ ಸಳನ ಹತ್ತಿರ ಬರೋಣ. ಇಂದಿನ ಅಂಗಡಿ ಎಂಬ ಊರಲ್ಲಿ ಜೈನಮುನಿ ಸುದತ್ತರು "ಹೊಯ್ ಸಳ" ಅಂದರು, ಸಳ ಹುಲಿಯನ್ನು ಹೊಡೆದ, ವಂಶಕ್ಕೆ ಆ ಹೆಸರು ಬಂತು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ವಂಶದ ಹೆಸರು 11ನೇ ಶತಮಾನದ ಶಾಸನಗಳಲ್ಲೇ ಇದೆ. ಕಥೆ ಕಾಣಿಸಿಕೊಳ್ಳುವುದು ಆಮೇಲೆ, ವಿಷ್ಣುವರ್ಧನನ ಕಾಲದಲ್ಲಿ. ಅವನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿ 'ತಲಕಾಡುಗೊಂಡ' ಎನಿಸಿಕೊಂಡವನು, 1117ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠಾಪಿಸಿದವನು. ಚೋಳರ ಲಾಂಛನ ಯಾವುದು ಗೊತ್ತೇ? ಹುಲಿ! ಸಳನ ಶಿಲ್ಪ ಆ ವಿಜಯದ ಸಂಕೇತ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ.

ಹುಡುಗನಿಗೆ ಈಗ ಹೀಗೆ ಹೇಳಿದ್ದೇವೆ: "ನೀನು ಹೇಳಿದ್ದು ಸರಿ, ಅದು ಸಿಂಹದ ಹಾಗೇ ಇದೆ. ಸಳ ಇದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಅದನ್ನು ಕೆತ್ತಿಸಿದ ರಾಜ ಇದ್ದ, ಅವನು ಗೆದ್ದ ಯುದ್ಧವೂ ನಡೆದದ್ದೇ." ಅವನು ಸ್ವಲ್ಪ ಯೋಚಿಸಿ, "ಅಂದ್ರೆ ಮೊದಲು ಯಾರು ಕೆತ್ತಿಸಿದ್ದು ಅಂತ ಕೇಳಬೇಕು" ಅಂದ.

ಮುಂದಿನ ಸಲ ಊರಿಗೆ ಹೋದಾಗ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನೂ ನೋಡಿ ಬನ್ನಿ. ಅಲ್ಲಿ ತಲೆಯೆತ್ತಿದರೆ ಸಳ ಕಾಣುತ್ತಾನೆ.